ಫಾಸ್ಫೇಟಿನ ಪ್ರತ್ಯಯ: ಆರ್‌ಎನ್‌ಎ ವೈರಸ್ಸುಗಳ ನಕಲು ಯಂತ್ರವನ್ನು ಕುರಿತು

1963ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡ ಚಿಕುನ್‌ಗುನ್ಯಾ ಜ್ವರ ಮರುವರ್ಷ ಮದರಾಸು ನಗರವನ್ನು ಮುಟ್ಟಿತು. ಮನೆಗಳ ನೀರಿನ ತೊಟ್ಟಿಗಳಲ್ಲಿ ಬೆಳೆಯುವ ಈಡಿಸ್ ಈಜಿಪ್ಟೈ ಸೊಳ್ಳೆ ಅದರ ವಾಹಕ. ಹೆಸರನ್ನು ಕೇಳಿ ಕೋಳಿಯನ್ನು ನೆನೆಯುವವರುಂಟು. ಅದು ವಾಸ್ತವವಾಗಿ ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಪದ, ಕೀಲುನೋವಿನಿಂದ ಬಾಗಿ ಮುದುಡಿದ ರೋಗಿಯ ಭಂಗಿಯನ್ನು ಸೂಚಿಸುವಂಥದು. 2006ರಲ್ಲಿ ಜ್ವರ ಮತ್ತೆ ವ್ಯಾಪಿಸಿದಾಗ ದೇಶದ ಶಂಕಿತ ಪ್ರಕರಣಗಳಲ್ಲಿ ಅತಿ ಹೆಚ್ಚಿನವು ಕರ್ನಾಟಕದಲ್ಲಿಯೇ ದಾಖಲಾದವು.

ಈ ವೈರಸ್ಸಿನ ತಳಿದ್ರವ್ಯ ಸುಮಾರು 11,800 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ. ಅದನ್ನು ನಕಲು ಮಾಡುವ ಯಂತ್ರ ನಾಲ್ಕು ಪ್ರೋಟೀನುಗಳಿಂದ ಕೂಡಿದ್ದು. ಅವುಗಳಲ್ಲಿ ನಾಲ್ಕನೆಯದು ಹೊಸ ಎಳೆಯನ್ನು ನೇಯುತ್ತದೆ. ಎರಡನೆಯದು ಹೆಣೆದ ಎಳೆಗಳನ್ನು ಬಿಡಿಸುತ್ತದೆ. ಮೊದಲನೆಯದು ಎಳೆಯ ತುದಿಗೆ ಟೊಪ್ಪಿಗೆಯನ್ನು ತೊಡಿಸುತ್ತದೆ. ಎನ್‌ಎಸ್‌ಪಿ-3 ಎಂದು ಕರೆಯಲಾಗುವ ಮೂರನೆಯದರ ಕೆಲಸವನ್ನು ಹೀಗೆ ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಅದರ ಬಾಲಭಾಗ ನಿಶ್ಚಿತ ಆಕಾರವಿಲ್ಲದೆ ಸಡಿಲವಾಗಿದ್ದು, ಜೀವಕೋಶದ ಅನೇಕ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ಫಾಸ್ಫೇಟು ಬಂದು ಕೂಡುವುದೂ ಅಲ್ಲಿಗೇ.

ಪ್ರೋಟೀನಿನಲ್ಲಿರುವ ಸೀರಿನ್, ಥ್ರಿಯೊನಿನ್ ಅಥವಾ ಟೈರೊಸಿನ್ ಎಂಬ ಅಮೈನೊ ಆಮ್ಲಕ್ಕೆ ಎಟಿಪಿಯಿಂದ ಫಾಸ್ಫೇಟು ಗುಂಪೊಂದನ್ನು ತಂದು ಜೋಡಿಸುವ ಕ್ರಿಯೆಯೇ ಫಾಸ್ಫೊರಿಲೀಕರಣ. ಶಾಲಾಪಠ್ಯಗಳಲ್ಲಿ ನೆಲೆಯೂರಿರುವ 'ರಂಜಕ' ಪದದಿಂದ ರಂಜಕೀಕರಣವೆಂದೂ ಹೇಳಬಹುದಿತ್ತು. ಆದರೆ ಅದು ಮನರಂಜನೆಯ ಕಡೆಗೆ ಓದುಗರನ್ನು ಎಳೆದೊಯ್ದೀತು. ಜೋಡಿಸುವ ಕಿಣ್ವ ಕೈನೇಸ್, ತೆಗೆಯುವ ಕಿಣ್ವ ಫಾಸ್ಫಟೇಸ್. ವ್ಯಾಕರಣ ಬಲ್ಲವರಿಗೆ ವಿಭಕ್ತಿಪ್ರತ್ಯಯದ ಹೋಲಿಕೆ ಇಲ್ಲಿ ನೆರವಾದೀತು. 'ಮರ' ಎಂಬ ಪ್ರಕೃತಿ ಹಾಗೆಯೇ ಉಳಿದರೂ 'ಮರಕ್ಕೆ', 'ಮರದಿಂದ' ಎಂದಾಗ ವಾಕ್ಯದ ಇತರ ಪದಗಳೊಡನೆ ಅದರ ಸಂಬಂಧ ಬೇರೆಯಾಗುತ್ತದೆ. ಫಾಸ್ಫೇಟು ಋಣ ವಿದ್ಯುದಂಶವನ್ನು ಹೊತ್ತು ಬರುತ್ತದೆ; ಆರ್‌ಎನ್‌ಎಯೂ ಋಣಾತ್ಮಕವಾದುದೇ. ಆದ್ದರಿಂದ ಪ್ರೋಟೀನು ಯಾವುದನ್ನು ಅಪ್ಪುತ್ತದೆ, ಯಾವುದನ್ನು ದೂರ ತಳ್ಳುತ್ತದೆ ಎಂಬುದೇ ಬದಲಾಗಬಹುದು.

ಚಿಕುನ್‌ಗುನ್ಯಾದ ನಿಕಟ ಬಂಧುವಾದ ಸೆಮ್ಲಿಕಿ ಫಾರೆಸ್ಟ್ ವೈರಸ್ಸಿನಲ್ಲಿ ಎನ್‌ಎಸ್‌ಪಿ-3ರ ಫಾಸ್ಫೊರಿಲೀಕರಣದ ತಾಣಗಳಿರುವ ತುಣುಕನ್ನೇ ತೆಗೆದುಹಾಕಿ ನೋಡಿದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಆರ್‌ಎನ್‌ಎ ತಯಾರಿಕೆಯ ವೇಗ ಕುಗ್ಗಿತು. ಇಲಿಗಳಲ್ಲಿ ರೋಗದ ಉಗ್ರತೆ ಇಲ್ಲವಾಯಿತು. ಆದರೆ ಇದನ್ನು ಓದುವಾಗ ಎಚ್ಚರಿಕೆ ಅವಶ್ಯ. ಪ್ರತ್ಯಯವನ್ನು ಅಳಿಸುವುದು ಬೇರೆ, ಪ್ರಕೃತಿಯ ಅರ್ಧವನ್ನೇ ಕತ್ತರಿಸುವುದು ಬೇರೆ. ತುಣುಕು ಹೋದಾಗ ಫಾಸ್ಫೇಟಿನ ಜೊತೆಗೆ ಇತರ ಪ್ರೋಟೀನುಗಳ ಹಿಡಿಕೆಗಳೂ ಹೋಗಿರಬಹುದು. ಫಲವೆಲ್ಲ ಫಾಸ್ಫೇಟಿನ ಅಭಾವದಿಂದಲೇ ಎಂದು ಈ ಪ್ರಯೋಗವೊಂದರಿಂದಲೇ ನಿರ್ಣಯಿಸಲಾಗದು.

ಇದಕ್ಕಿಂತ ನಿಚ್ಚಳವಾದ ಉದಾಹರಣೆ ಭಾರತದಲ್ಲಿಯೇ ದೊರೆಯುತ್ತದೆ. ಮದರಾಸಿನ ಮರುವರ್ಷ, 1965ರಲ್ಲಿ, ನಾಗಪುರದಲ್ಲಿ ಜ್ವರ ಹರಡಿದಾಗ ರೋಗಿಗಳ ರಕ್ತದಲ್ಲಿ ಬೇರೊಂದು ವೈರಸ್ಸೂ ಸಿಕ್ಕಿತು. ಸ್ಥಳದ ಹೆಸರಿನಿಂದ ಅದು ಚಾಂದಿಪುರ ವೈರಸ್ಸಾಯಿತು. ಅದು ಹುಚ್ಚುನಾಯಿ ರೋಗದ ವೈರಸ್ಸಿನ ಕುಲಕ್ಕೆ ಸೇರಿದ್ದು, ಚಿಕುನ್‌ಗುನ್ಯಾದ ಬಂಧುವಲ್ಲ. ಈ ಕುಲದ ವೈರಸ್ಸುಗಳ ಆರ್‌ಎನ್‌ಎ ಋಣ ಎಳೆಯದು. ಪ್ರೋಟೀನುಗಳಿಗಾಗಿ ಅದರಿಂದ ಮೊದಲು ಚಿಕ್ಕ ಸಂದೇಶಗಳು ತಯಾರಾಗಬೇಕು. ಇದು ಪ್ರತಿಲೇಖನ. ಅನಂತರ ಇಡೀ ಎಳೆಯ ನಕಲು ಆಗಬೇಕು. ಎರಡನ್ನೂ ನಡೆಸುವುದು ಒಂದೇ ಯಂತ್ರ. 'ಪಿ' ಎಂಬ ಪ್ರೋಟೀನು ಅದರ ಅಂಗ.

ಕಲ್ಕತ್ತೆಯ ಸಂಶೋಧಕರು ಈ 'ಪಿ' ಪ್ರೋಟೀನನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸಿದರು. ಬ್ಯಾಕ್ಟೀರಿಯದಲ್ಲಿ ಕೇಸಿನ್ ಕೈನೇಸ್-2 ಇಲ್ಲವಾದ್ದರಿಂದ ದೊರೆತ ಪ್ರೋಟೀನು ಫಾಸ್ಫೇಟುರಹಿತವಾಗಿತ್ತು. ಪ್ರತಿಲೇಖನವನ್ನು ನಡೆಸಲು ಅದು ಅಸಮರ್ಥ. ಪ್ರನಾಳದಲ್ಲಿ ಆ ಕೈನೇಸನ್ನು ಸೇರಿಸಿ 62ನೆಯ ಸ್ಥಾನದ ಸೀರಿನ್‌ಗೆ ಫಾಸ್ಫೇಟನ್ನು ಕೂಡಿಸಿದರೆ ಪ್ರೋಟೀನು ಜೋಡಿಗೊಂಡು ಕೆಲಸಕ್ಕೆ ತೊಡಗುತ್ತದೆ. ಇಲ್ಲಿ ಏನನ್ನೂ ಕತ್ತರಿಸಿಲ್ಲ. ವ್ಯತ್ಯಾಸವೆಲ್ಲ ಒಂದು ಪ್ರತ್ಯಯದ್ದು. ಫಾಸ್ಫೇಟುರಹಿತ 'ಪಿ'ಯನ್ನು ಬರಿಯ ನಿಷ್ಕ್ರಿಯವೆಂದು ತಳ್ಳಿಹಾಕುವಂತಿಲ್ಲ. ವೈರಸ್ಸಿನ ಎಳೆಯ ಆರಂಭಭಾಗದಿಂದ ಹುಟ್ಟುವ ಮುಂಚೂಣಿ ಆರ್‌ಎನ್‌ಎಯನ್ನು ಹಿಡಿಯುವುದು ಈ ರೂಪವೇ; ಫಾಸ್ಫೇಟು ಹೊತ್ತದ್ದು ಹಿಡಿಯುವುದಿಲ್ಲ. ಸಂದೇಶಗಳ ತಯಾರಿಕೆಯಿಂದ ಇಡೀ ಎಳೆಯ ನಕಲಿಗೆ ಹೊರಳುವ ತಿರುವು ಇದೇ ಇರಬಹುದೆಂದು ಅವರು 2003ರಲ್ಲಿ ಪ್ರತಿಪಾದಿಸಿದರು.

ಡೆಂಗ್ಯೂ ವೈರಸ್ಸಿನ ನಕಲುಕಾರ ಪ್ರೋಟೀನಾದ ಎನ್‌ಎಸ್-5ರಲ್ಲಿಯೂ ಇದನ್ನು ಹೋಲುವ ಸಂಗತಿ ಕಂಡಿದೆ. ಫಾಸ್ಫೇಟು ಹೆಚ್ಚಾಗಿ ಕೂಡಿದ ರೂಪ ತನ್ನ ಸಂಗಾತಿ ಎನ್‌ಎಸ್-3ನ್ನು ತೊರೆದು ಕೋಶಕೇಂದ್ರದಲ್ಲಿ ಕಾಣಸಿಗುತ್ತದೆ. ನಕಲಿನ ಕಾರ್ಯವಾದರೋ ಕೋಶದ್ರವದಲ್ಲಿ.

ಈ ಕೈನೇಸುಗಳು ಬಹುಮಟ್ಟಿಗೆ ವೈರಸ್ಸಿನವಲ್ಲ, ಆಶ್ರಯ ಕೊಟ್ಟ ಜೀವಕೋಶದವು. ಕೇಸಿನ್ ಕೈನೇಸ್-2 ನಮ್ಮ ಕೋಶಗಳ ನೂರಾರು ಪ್ರೋಟೀನುಗಳಿಗೂ ಫಾಸ್ಫೇಟನ್ನು ಕೂಡಿಸುತ್ತದೆ. ಅದನ್ನು ತಡೆಯುವ ಔಷಧ ವೈರಸ್ಸಿನ ವಾಕ್ಯವೊಂದನ್ನೇ ಅಲ್ಲದೆ ರೋಗಿಯ ಮಾತನ್ನೂ ಕೆಡಿಸಬಲ್ಲದು.