ಕ್ಯಾಂಡಲ್ ಹಚ್ಚುವ ಮೊದಲು

ಮಗಾ, ಕಳೆದ ಜನವರಿಯಲ್ಲಿ ಅತ್ತೂರು ಚರ್ಚಿನ ವಾರ್ಷಿಕ ಹಬ್ಬ ಸಾಂತ್‌ಮಾರಿಯ ಜನಜಂಗುಳಿಯಲ್ಲಿ ನೀನೊಂದು ಪ್ರಶ್ನೆ ಕೇಳಿದೆ. ದೇವರ ಕೃಪೆ ಪುಕ್ಕಟೆ ಅಂತಾರೆ, ರಕ್ಷಣೆ ಬಹಳ ಕಷ್ಟ ಅಂತಲೂ ಅಂತಾರೆ, ಎರಡೂ ನಿಜವಾಗುವುದು ಹೇಗೆ? ಆ ಗದ್ದಲದಲ್ಲಿ ಉತ್ತರಿಸಲಾಗಲಿಲ್ಲ. ಈಗ ಹೇಳುತ್ತೇನೆ, ಕೇಳು.

ಎರಡೂ ನಿಜ. ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದ ಆ ಸಿರಿವಂತ ಯುವಕ ಆಜ್ಞೆಗಳನ್ನೆಲ್ಲ ಪಾಲಿಸಿದ್ದ. ಆಸ್ತಿ ಬಿಡು ಎಂದಾಗ ಮಾತ್ರ ಮುಖ ಬಾಡಿಸಿಕೊಂಡು ಹೊರಟುಹೋದ. ಶಿಷ್ಯರೂ ಬೆಚ್ಚಿದರು. ರಕ್ಷಣೆ ಮನುಷ್ಯನ ಅಳವಿಗೆ ಮೀರಿದ್ದು, ದೇವರೇ ಮಾಡಬೇಕಾದ ಕೆಲಸ ಎಂದು ಯೇಸು ತಿಳಿಸಿಕೊಟ್ಟರು. ನಮ್ಮ ಉಡುಪಿಯ ಮಧ್ವಾಚಾರ್ಯರೂ ಹರಿಯ ಪ್ರಸಾದವಿಲ್ಲದೆ ಮುಕ್ತಿಯಿಲ್ಲ ಎಂದವರು. ಈ ಮಣ್ಣಿಗೆ ಆ ಮಾತು ಹೊಸತಲ್ಲ.

ಕಷ್ಟವಿರುವುದು ನಮ್ಮ ಕೈಯಲ್ಲಿ. ಬಿಗಿದ ಮುಷ್ಟಿಗೆ ದೇವರಾದರೂ ಏನು ಹಾಕಿಯಾನು?

ನನ್ನದೇ ಹೇಳುತ್ತೇನೆ. ಜಾಗದ ಗಡಿಯ ತಕರಾರಿನಲ್ಲಿ ಅಣ್ಣನೊಡನೆ ಏಳು ವರ್ಷ ಮಾತು ಬಿಟ್ಟಿದ್ದೆ. ಆ ಏಳು ವರ್ಷವೂ ತಪ್ಪದೆ ಕಾಪುವಿನಿಂದ ಅತ್ತೂರಿಗೆ ಹೋಗಿ ಕ್ಯಾಂಡಲ್ ಹಚ್ಚಿದೆ, ಹರಕೆ ಸಲ್ಲಿಸಿದೆ, ತೀರ್ಪು ನನ್ನ ಕಡೆಗಾಗಲಿ ಎಂದು ಬೇಡಿಕೊಂಡೆ. ನಿಂತಿದ್ದುದು ಯಾರ ಮುಂದೆ? ಸಂತ ಲಾರೆನ್ಸರ ಮುಂದೆ. 258ರಲ್ಲಿ ರೋಮಿನ ಅಧಿಕಾರಿಗಳು ಚರ್ಚಿನ ಸಂಪತ್ತು ತಂದೊಪ್ಪಿಸು ಎಂದಾಗ ಬಡವರನ್ನು ಕರೆತಂದು, ಇವರೇ ಆ ಸಂಪತ್ತು ಎಂದು ತೋರಿಸಿದರಂತೆ ಆ ಸಂತ. ನಾನೋ, ಅವರೆದುರು ನಿಂತು ಮೂರು ಸೆಂಟ್ಸ್ ಜಾಗ ಕೇಳುತ್ತಿದ್ದೆ! ಅಣ್ಣನಿಗೆ ಕ್ಷಮೆ ಕೊಡದೆ ದೇವರಲ್ಲಿ ಕ್ಷಮೆ ಬೇಡುತ್ತಿದ್ದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, ನಡುರಾತ್ರಿ ಹೊರಗಿನ ಬೆಂಚಿನಲ್ಲಿ ನಾನೊಬ್ಬನೇ ಕೂತಿದ್ದೆ. ಅಣ್ಣ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಎರಡು ಲೋಟ ಚಾ. ಒಂದನ್ನು ನನ್ನತ್ತ ಚಾಚಿದ. ಅದಕ್ಕೆ ಯೋಗ್ಯವಾದುದೇನನ್ನೂ ನಾನು ಮಾಡಿರಲಿಲ್ಲ. ಆದರೂ ಆ ಲೋಟ ಹಿಡಿಯಲು ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ಚಾ ಪುಕ್ಕಟೆಯೇ. ಅದನ್ನು ತೆಗೆದುಕೊಳ್ಳಲು ಏಳು ವರ್ಷದ ಹಟ ಕೆಳಗಿಡಬೇಕಿತ್ತು. ಕೃಪೆಗೆ ಕೊಂಕಣಿಯಲ್ಲಿ ನಾವು ‘ಕುರ್ಪಾ’ ಎನ್ನುತ್ತೇವಲ್ಲ, ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಶಬ್ದದ ಅರ್ಥ ನನಗೆ ತಿಳಿದದ್ದು ಆ ಬೆಂಚಿನಲ್ಲಿ.

ನೀನೂ ನಿನ್ನ ಅಣ್ಣನೂ ಮಾತಾಡುತ್ತಿಲ್ಲವೆಂದು ಕೇಳಿ ಇಷ್ಟೆಲ್ಲ ಹೇಳುತ್ತಿದ್ದೇನೆ. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಯೇಸು ಬೋಧಿಸಿದ್ದಾರೆ. ಬರುವ ಸಾಂತ್‌ಮಾರಿಗೆ ಕ್ಯಾಂಡಲ್ ಕೊಳ್ಳುವ ಮೊದಲು ಅವನ ಮನೆಗೆ ಹೋಗು. ಅವನಿರುವುದು ಬೆಳ್ಮಣ್ಣಿನಲ್ಲಿ, ಅತ್ತೂರಿಗೆ ಹೋಗುವ ದಾರಿಯಲ್ಲೇ.