ದಾನಿಗಳ ಕೂಟ ಮತ್ತು ದುಡಿಯುವವನ ಕೂಲಿ

ನಮ್ಮ ಮುಡಬಿಯು ಬಸವಕಲ್ಯಾಣ ತಾಲೂಕಿಗೆ ಸೇರಿದ ಊರು. ಹನ್ನೆರಡನೆಯ ಶತಮಾನದ ಶರಣರು ಇದೇ ಕಲ್ಯಾಣದಲ್ಲಿ ಕಾಯಕ, ದಾಸೋಹಗಳೆಂಬ ಎರಡು ತತ್ತ್ವಗಳನ್ನು ಜೊತೆಯಾಗಿ ಬೋಧಿಸಿದರು. ದುಡಿಯದೆ ಉಣ್ಣಬಾರದು, ದುಡಿದುದನ್ನು ಒಬ್ಬನೇ ಉಣ್ಣಬಾರದು ಎಂಬುದು ಅವುಗಳ ಸಾರ. ಇಂದು ದಾನವು ಪ್ರತಿಷ್ಠಾನಗಳ ಮತ್ತು ಕಂಪನಿಗಳ ಮೂಲಕವೂ ನಡೆಯುತ್ತಿದೆ. ಇವು ಬೇರೆಬೇರೆಯಾಗಿ ಕೊಡುವುದಕ್ಕಿಂತ ಒಂದುಗೂಡಿ ಕೊಟ್ಟರೆ ಬಡತನಕ್ಕೂ ಅಲ್ಪ ಕೂಲಿಗೂ ಎಂತಹ ಪರಿಹಾರ ದೊರೆತೀತು ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇನೆ.

ಮೊದಲು ಕಾನೂನನ್ನು ನೋಡೋಣ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಸಮಾಜಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಹಲವು ಕಂಪನಿಗಳು ಕೂಡಿ ಒಂದೇ ಕಾರ್ಯವನ್ನು ನಡೆಸಲು ನಿಯಮಗಳಲ್ಲಿ ಅವಕಾಶವಿದೆ. ಲೆಕ್ಕವನ್ನು ಮಾತ್ರ ಪ್ರತ್ಯೇಕವಾಗಿ ಒಪ್ಪಿಸಬೇಕು. ಆದರೆ ಅದೇ ಕಲಮು ಕಂಪನಿಯು ವ್ಯವಹರಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ತೊಡಕು ಇರುವುದು ಇಲ್ಲಿಯೇ. ಕಾರ್ಖಾನೆ ಇರುವಲ್ಲಿ ಹಣವೂ ನಿಲ್ಲುತ್ತದೆ. ಕೂಲಿಕಾರನು ಬಿಟ್ಟುಬಂದ ಊರು ಹಿಂದುಳಿಯುತ್ತದೆ. ನಮ್ಮ ಸೀಮೆಯವರು ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಾರೆ. ಅವರ ಮಕ್ಕಳೂ ಮುಪ್ಪಿನ ತಾಯಿತಂದೆಗಳೂ ಇಲ್ಲಿರುತ್ತಾರೆ. ಅಲ್ಲಿಯ ದಾನಿ ಇಲ್ಲಿಯ ಮನೆಯನ್ನು ಕಾಣನು. ಇಲ್ಲಿಯ ದಾನಿ ಅಲ್ಲಿಯ ಜೋಪಡಿಯನ್ನು ಕಾಣನು. ಇಬ್ಬರೂ ಕೂಡಿದಾಗಲೇ ಒಂದು ಸಂಸಾರದ ಬಡತನವು ಪೂರ್ಣವಾಗಿ ಕಣ್ಣಿಗೆ ಬೀಳುತ್ತದೆ.

ಕೂಡಿ ನಡೆದ ಕಾರ್ಯಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. 1987ರಲ್ಲಿ ನಬಾರ್ಡ್ ಸಂಸ್ಥೆಯು ಕರ್ನಾಟಕದ ಮೈರಾಡ ಸಂಸ್ಥೆಗೆ, ಬಡವರ ಉಳಿತಾಯ ಗುಂಪುಗಳ ಪ್ರಯೋಗಕ್ಕಾಗಿ, 10 ಲಕ್ಷ ರೂಪಾಯಿಗಳ ನೆರವನ್ನಿತ್ತಿತು. ಅದರ ಅನುಭವದಿಂದ 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಹುಟ್ಟಿತು. ಮುಂದೆ ನಮ್ಮ ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಈ ಕಾರ್ಯದಲ್ಲಿ ಹೆಸರು ಪಡೆಯಿತು. ಇಲ್ಲಿ ದಾನದ ಹಣವು ಪ್ರಯೋಗದ ನಷ್ಟಭಯವನ್ನು ಹೊತ್ತಿತು. ದಾರಿ ಸ್ಪಷ್ಟವಾದ ಮೇಲೆ ಬ್ಯಾಂಕಿನ ಹಣವು ಹಿಂಬಾಲಿಸಿತು. ಒಬ್ಬರು ಬಿತ್ತಿದುದನ್ನು ಮತ್ತೊಬ್ಬರು ಬೆಳೆಸುವುದೇ ಸಹಕಾರದ ಮರ್ಮ.

ಇನ್ನೊಂದು ನಿದರ್ಶನವು ಈಚಿನದು. 2020ರ ಲಾಕ್‌ಡೌನಿನಲ್ಲಿ ಲಕ್ಷಾಂತರ ಕೂಲಿಕಾರರು ನಡೆದೇ ಊರು ಸೇರಬೇಕಾಯಿತು. 1996ರ ಕಾಯ್ದೆಯನ್ವಯ ಕಟ್ಟಡ ಕಾರ್ಮಿಕರಿಗಾಗಿ ಸಂಗ್ರಹಿಸಿದ ಸೆಸ್ ಹಣವಿದ್ದರೂ, ಹೆಸರು ನೋಂದಾಯಿಸದವನಿಗೆ ಅದು ದಕ್ಕಲಿಲ್ಲ. ಅದೇ ವರ್ಷ ಜನ ಸಾಹಸ್ ಸಂಸ್ಥೆಯ ಮುಂದಾಳುತನದಲ್ಲಿ, ಹಲವು ದಾನಿಗಳ ಬೆಂಬಲದಿಂದ, ವಲಸೆ ಕಾರ್ಮಿಕರಿಗಾಗಿ ಒಂದು ಕೂಟವು ಏರ್ಪಟ್ಟಿತು. 100 ಜಿಲ್ಲೆಗಳಲ್ಲಿ 1 ಕೋಟಿ ಕಾರ್ಮಿಕರನ್ನೂ ಅವರ ಕುಟುಂಬದವರನ್ನೂ ತಲುಪುವುದು ಅದರ ಗುರಿ. ಹೊಸ ದಾನವನ್ನು ಹಂಚುವುದರ ಜೊತೆಗೆ, ಸರಕಾರದಿಂದ ಬರಬೇಕಾದುದನ್ನು ಕೊಡಿಸುವುದೂ ದಾನವೇ ಎಂಬುದನ್ನು ಇದು ಕಲಿಸುತ್ತದೆ.

ಆದರೂ ಕೂಟಗಳಲ್ಲಿ ದೋಷವಿಲ್ಲವೆನ್ನಲಾಗದು. ದಾನಿಗಳು ಮಾತ್ರ ಸಭೆ ಕೂಡಿದರೆ ಕೂಲಿಕಾರನ ಮಾತು ಕೇಳಿಸದು. ಎಲ್ಲರೂ ಒಂದೇ ಬಗೆಯ ಕಾರ್ಯವನ್ನು ಮೆಚ್ಚಿದರೆ ಉಳಿದುದು ಬರಿದಾಗುವುದು. ಆದುದರಿಂದ ಮೂರು ನಿಯಮಗಳು ಅವಶ್ಯವೆಂದು ನನಗೆ ತೋರುತ್ತದೆ. ಸಭೆಯಲ್ಲಿ ದುಡಿಯುವವರ ಪ್ರತಿನಿಧಿಗಳಿರಬೇಕು; ಹಲವು ದಾನಿಗಳಿದ್ದರೂ ಚಿಕ್ಕ ಸಂಸ್ಥೆಯಿಂದ ಒಂದೇ ವರದಿಯನ್ನು ಕೇಳಬೇಕು; ನೆರವು ಒಂದೆರಡು ವರ್ಷಕ್ಕೆ ಮುಗಿಯಬಾರದು.

ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ನಮಗೆಲ್ಲ ತಿಳಿದಿದೆ. ತನಗೆ ಸಲ್ಲದುದನ್ನು ಇಟ್ಟುಕೊಳ್ಳಬಾರದೆಂಬ ಈ ನೀತಿ ಬಡವನಿಗೆ ಮಾತ್ರವೇ? ಕೂಲಿಯಲ್ಲಿ ಕಡಿಮೆ ಮಾಡಿ ಉಳಿಸಿದ ಹಣದಿಂದ ದಾನ ಮಾಡುವವನಿಗೂ ಇದು ಅನ್ವಯಿಸಬೇಕು. ಯಾವ ಕೂಟವೇ ಆಗಲಿ, ಸದಸ್ಯರ ಕಾರ್ಖಾನೆಗಳಲ್ಲಿಯೂ ಗುತ್ತಿಗೆದಾರರಲ್ಲಿಯೂ ನ್ಯಾಯವಾದ ಕೂಲಿ ಸಲ್ಲುತ್ತಿದೆಯೇ ಎಂದು ಮೊದಲು ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರ ದೊರೆತ ಮೇಲೆ ಕೊಟ್ಟ ಕಾಣಿಕೆ ಚಿಕ್ಕದಾದರೂ ಅದಕ್ಕೆ ಬೆಲೆಯುಂಟು.