ಜಿಂಕೆಗೆ ಎಂಥ ಗುಂಡು?

ಗದಗ ಜಿಲ್ಲೆಯ ರಾಜೂರ, ಗಜೇಂದ್ರಗಡ, ರೋಣದ ಕಡೆಯ ರೈತರಿಗೆ ಚಿಗರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಗಾರಿನ ಹೆಸರು ಎರಡೆಲೆ ಬಿಟ್ಟಿತೆಂದರೆ ಹಿಂಡುಗಟ್ಟಿ ಬಂದು ಮೇಯುವ ಈ ಪ್ರಾಣಿಯೇ ಗ್ರಂಥಗಳಲ್ಲಿ ಕೃಷ್ಣಮೃಗವೆನಿಸಿಕೊಂಡುದು. ಪ್ರಾಣಿಶಾಸ್ತ್ರದ ಪ್ರಕಾರ ಇದು ಜಿಂಕೆಯಲ್ಲ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ, ಚಿಗರೆಯದು ಉದುರುವುದಿಲ್ಲ. ಬೆಳೆ ಕಳೆದುಕೊಂಡವನಿಗೆ ಬಂದೂಕಿನ ನೆನಪಾಗುವುದು ಸಹಜವೇ. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಚಿಗರೆಯ ಹೆಸರಿದೆ. ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಬೆಳೆ ಮೇಯ್ದಿತೆಂಬ ಕಾರಣವನ್ನು ಕಾಯಿದೆ ಒಪ್ಪುವುದಿಲ್ಲ. ಬೇಲಿ, ಕಾವಲು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ, ಇವಷ್ಟೇ ಉಳಿದ ದಾರಿಗಳು; ಸುಲಭದ ದಾರಿಗಳೆಂದು ಯಾರೂ ಹೇಳಲಾರರು.

ಸೋಜಿಗದ ಸಂಗತಿಯೆಂದರೆ, ಇದೇ ಚಿಗರೆಯನ್ನು ೧೯೩೨ರಲ್ಲಿ ಅಮೆರಿಕೆಯ ಟೆಕ್ಸಾಸ್ ಸಂಸ್ಥಾನದ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ಒಯ್ದು ಬಿಟ್ಟರು. ಅಲ್ಲಿ ಅದು ಸಾವಿರಗಟ್ಟಲೆಯಾಗಿ ಬೆಳೆದು, ಕಾಯಿದೆಗೆ ಒಳಪಟ್ಟೇ ಬೇಟೆಗೆ ಗುರಿಯಾಗುತ್ತಿದೆ. ಅಲ್ಲಿ ಹೊಸದಾಗಿ ಬೇಟೆ ಕಲಿಯುವವನು ಮೊದಲು ಕೇಳುವ ಪ್ರಶ್ನೆ, ಎಂಥ ಗುಂಡನ್ನು ಆರಿಸಬೇಕು ಎಂಬುದು. ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ತೋಟಾ ಎಂಬ ಮಾತನ್ನು ೧೮೫೭ರ ಇತಿಹಾಸ ಓದಿದವರೆಲ್ಲ ಬಲ್ಲರು. ಅಂದಿನ ತೋಟಾ ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಗದದ ಸುರುಳಿ; ಇಂದಿನದು ಸಾಮಾನ್ಯವಾಗಿ ಹಿತ್ತಾಳೆಯ ಕೋಶ. ಅದರ ಬುಡದಲ್ಲಿ ಕಿಡಿಯ ಮದ್ದು, ಒಡಲಲ್ಲಿ ಉರಿಯುವ ಮದ್ದು, ಬಾಯಲ್ಲಿ ಗುಂಡು. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ನೂಕುತ್ತದೆ. ಗುಂಡಿನ ಚಲನಶಕ್ತಿಯು ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. .೨೨ ಅಂಗುಲದ ಚಿಕ್ಕ ಬಂದೂಕಿನ ಗುಂಡು ೨.೬ ಗ್ರಾಂ ತೂಗಿ ಸೆಕೆಂಡಿಗೆ ೩೩೦ ಮೀಟರು ಓಡಿದರೆ ಅದರ ಶಕ್ತಿ ಸುಮಾರು ೧೪೦ ಜೂಲ್. ವೇಗದ ಬೌಲರನೊಬ್ಬ ಸೆಕೆಂಡಿಗೆ ೪೦ ಮೀಟರಿನಂತೆ ಎಸೆದ ೧೬೦ ಗ್ರಾಮಿನ ಕ್ರಿಕೆಟ್ ಚೆಂಡಿನ ಶಕ್ತಿಯೂ ಸುಮಾರು ಇಷ್ಟೇ! ಚೆಂಡು ಮೈಯನ್ನು ಕಂದಿಸುತ್ತದೆ, ಗುಂಡು ಮೈಯೊಳಕ್ಕೆ ಹೊಗುತ್ತದೆ. ಏಕೆಂದರೆ ಗುಂಡಿನ ಮುಖದ ಕ್ಷೇತ್ರ ಚೆಂಡಿನದರ ನೂರರುವತ್ತರಲ್ಲೊಂದು ಪಾಲು ಮಾತ್ರ. ಆದರೂ ಇಷ್ಟು ಶಕ್ತಿ ಜಿಂಕೆಗೆ ಸಾಲದು. ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ದಿನಗಟ್ಟಲೆ ನರಳಿ ಸಾಯುತ್ತದೆ. ಇಂಗ್ಲೆಂಡಿನ ೧೯೯೧ರ ಜಿಂಕೆ ಕಾಯಿದೆಯು ದೊಡ್ಡ ಜಿಂಕೆಗಳಿಗೆ ಸುಮಾರು ೨೩೦೦ ಜೂಲಿಗಿಂತ ಕಡಿಮೆಯ ಗುಂಡನ್ನು ನಿಷೇಧಿಸಿರುವುದು ಇದರಿಂದಲೇ.

ಹಾಗಾದರೆ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಅಡ್ಡ ಬರುತ್ತದೆ. ೧೯೫೨ರಲ್ಲಿ ಬಂದ .೩೦೮ ವಿಂಚೆಸ್ಟರ್ ತೋಟಾದ ೯.೭ ಗ್ರಾಮಿನ ಗುಂಡು ಸೆಕೆಂಡಿಗೆ ೮೬೦ ಮೀಟರು ವೇಗದಲ್ಲಿ ಹೊರಟರೆ ಶಕ್ತಿ ಸುಮಾರು ೩೬೦೦ ಜೂಲ್. ಮೂರೂವರೆ ಕಿಲೋಗ್ರಾಮಿನ ಬಂದೂಕು, ಅನಿಲದ ಪಾಲನ್ನು ಬಿಟ್ಟರೂ, ಸೆಕೆಂಡಿಗೆ ೨.೪ ಮೀಟರಿನಂತೆ ಹೆಗಲಿಗೆ ಒದೆಯುತ್ತದೆ. ೧೯೫೫ರ .೨೪೩ ತೋಟಾದಲ್ಲಿ ೬.೫ ಗ್ರಾಮಿನ ಗುಂಡು, ೯೦೦ ಮೀಟರಿನ ವೇಗ, ೨೬೦೦ ಜೂಲ್, ಒದೆತ ೧.೭ ಮೀಟರು. ಒದೆತಕ್ಕೆ ಅಂಜಿದ ಹೊಸಬ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಗುರಿ ಕೆಡುತ್ತದೆ. ಗಂಡು ಚಿಗರೆ ತೂಗುವುದು ಸುಮಾರು ೪೦ ಕಿಲೋಗ್ರಾಂ. ಅದರ ಹೃದಯ ಮತ್ತು ಶ್ವಾಸಕೋಶಗಳಿರುವ ಸ್ಥಳ ಒಂದು ಗೇಣಿನಷ್ಟೂ ಇಲ್ಲ. ಅಲ್ಲಿಗೆ ತಾಕಿದ ಸಣ್ಣ ಗುಂಡು ಹೊಟ್ಟೆಗೆ ತಾಕಿದ ದೊಡ್ಡ ಗುಂಡಿಗಿಂತ ಮೇಲು. ಆದ್ದರಿಂದ ಹೊಸಬನಿಗೆ .೨೪೩ ಸಾಕೆಂಬುದು ನನ್ನ ಎಣಿಕೆ.

ದೂರದ ಮಾತನ್ನೂ ಮರೆಯಬಾರದು. ಮೇಲೆ ಹೇಳಿದ .೩೦೮ರ ಗುಂಡು ೨೦೦ ಮೀಟರು ಸಾಗಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಗುರುತ್ವಾಕರ್ಷಣೆಯು ಅದನ್ನು ಸುಮಾರು ೩೦ ಸೆಂಟಿಮೀಟರು ಕೆಳಕ್ಕೆಳೆದಿರುತ್ತದೆ.

ಇನ್ನು ಗುಂಡಿನ ಕಟ್ಟಡ. ಸೀಸದ ತಿರುಳನ್ನು ತಾಮ್ರದ ಕವಚ ಮುಂಭಾಗದಲ್ಲಿ ಪೂರ್ತಿ ಮುಚ್ಚಿದರೆ ಗುಂಡು ಆಕಾರಗೆಡದೆ ಮೈಯನ್ನು ತೂರಿಹೋಗಬಹುದು. ಶಕ್ತಿಯ ಬಹುಭಾಗ ಆಚೆಗೇ ಹೋಯಿತು. ಮೂತಿಯಲ್ಲಿ ಸೀಸವನ್ನು ತೆರೆದಿಟ್ಟರೆ ಗುಂಡು ಅಣಬೆಯಂತೆ ಅರಳಿ ಒಳಗೇ ಶಕ್ತಿಯನ್ನು ಸುರಿಯುತ್ತದೆ. ೧೮೯೦ರ ದಶಕದಲ್ಲಿ ಕಲಕತ್ತೆಯ ಬಳಿಯ ಡಂಡಂ ಕಾರ್ಖಾನೆಯಲ್ಲಿ ಇಂಥ ಗುಂಡುಗಳು ತಯಾರಾಗಿ, ಆ ಊರಿನ ಹೆಸರೇ ಅವಕ್ಕೆ ನಿಂತಿತು. ೧೮೯೯ರ ಹೇಗ್ ಘೋಷಣೆ ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಇಂಗ್ಲೆಂಡಿನ ಜಿಂಕೆ ಕಾಯಿದೆಯಾದರೋ ಅರಳುವ ಗುಂಡನ್ನೇ ಕಡ್ಡಾಯ ಮಾಡಿತು. ಇದು ವಿರೋಧವೆಂದು ತೋರಬಹುದು. ಸೈನಿಕನನ್ನು ಕಾದಾಡಲಾಗದಂತೆ ಮಾಡಿದರೆ ಸಾಕು, ಆಮೇಲೆ ಅವನಿಗೆ ವೈದ್ಯನುಂಟು. ಜಿಂಕೆಗೆ ಬೇಗ ಬರುವ ಸಾವೊಂದೇ ದಯೆ.

ಅರಳುವಾಗ ಸೀಸ ಸಣ್ಣ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. ಬೇಟೆಗಾರರು ಬಿಟ್ಟುಹೋದ ಕರುಳು ತಿಂದ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಸೀಸದ ವಿಷಕ್ಕೆ ಬಲಿಯಾದುದರಿಂದ, ಕ್ಯಾಲಿಫೋರ್ನಿಯವು ೨೦೧೯ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಬದಲಿಗೆ ಬಂದುದು ತಾಮ್ರದ ಗುಂಡು. ಸೀಸದ ಸಾಂದ್ರತೆ ೧೧.೩, ತಾಮ್ರದ್ದು ೮.೯, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ. ಉದ್ದನೆಯ ಗುಂಡು ಗಾಳಿಯಲ್ಲಿ ತೊನೆಯದೆ ಸಾಗಲು ಹೆಚ್ಚು ಬಿರುಸಾಗಿ ತಿರುಗಬೇಕು; ಆ ತಿರುಗನ್ನು ಕೊಡುವವು ನಳಿಗೆಯೊಳಗಿನ ಸುರುಳಿ ಗೀರುಗಳು. ಹಳೆಯ ಬಂದೂಕಿಗೆ ತಾಮ್ರದ ಗುಂಡು ಕೊಳ್ಳುವವನು, ಆ ಗೀರು ಎಷ್ಟು ಅಂಗುಲಕ್ಕೆ ಒಂದು ಸುತ್ತು ಹಾಕುತ್ತದೆಂಬುದನ್ನು ಮೊದಲು ನೋಡಿಕೊಂಡು, ಅದಕ್ಕೆ ತಕ್ಕಂತೆ ತುಸು ಹಗುರಾದ ಗುಂಡನ್ನು ಆರಿಸಿಕೊಳ್ಳುತ್ತಾನೆ.